12 ವಾರದ ಚಾರ್ಜ್‌ಗೆ ಎಷ್ಟು ದುಡ್ಡು ಕೊಡಬಹುದು?

ಹೊಸ ಇ-ರೀಡರ್ ಕೊಳ್ಳಲು ಹೊರಟರೆ ಮೊದಲು ಕಣ್ಣಿಗೆ ಬೀಳುವುದೇ ಬ್ಯಾಟರಿಯ ಲೆಕ್ಕ. ಕಿಂಡಲ್‌ನ 2022ರ ಸಾದಾ ಮಾದರಿಗೆ 6 ವಾರ, 2024ರ ಪೇಪರ್‌ವೈಟ್‌ಗೆ 12 ವಾರ ಎನ್ನುತ್ತದೆ ಅಮೆಜಾನ್. ದುಪ್ಪಟ್ಟು ಎಂದಾಗ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ನನ್ನ ಹಳೆಯ 6 ಇಂಚಿನ ರೀಡರನ್ನು ಬದಲಿಸುವ ಮುಂಚೆ ಈ ವಾರಗಳನ್ನು ರೂಪಾಯಿಗೆ ಇಳಿಸಿ ನೋಡಿದೆ.

ಆ ವಾರಗಳಿಗೆ ಷರತ್ತುಗಳಿವೆ: ದಿನಕ್ಕೆ ಅರ್ಧ ಗಂಟೆ ಮಾತ್ರ ಓದಬೇಕು, ವೈ-ಫೈ ಆಫ್ ಇರಬೇಕು, ಬೆಳಕು ಮಧ್ಯಮವಾಗಿರಬೇಕು. ಹಾಗಾಗಿ 12 ವಾರವೆಂದರೆ 42 ಗಂಟೆ, 6 ವಾರವೆಂದರೆ 21 ಗಂಟೆ. ದಿನಕ್ಕೆ ಎರಡು ಗಂಟೆ ಓದುವ ನನಗೆ ಒಂದು ಮೂರು ವಾರ ಬರುತ್ತದೆ, ಇನ್ನೊಂದು ಹತ್ತು ದಿನ. ಇ-ಇಂಕ್ ಪರದೆಗೆ ಪುಟ ಬದಲಾಗುವಾಗ ಮಾತ್ರ ವಿದ್ಯುತ್ ಬೇಕು. ಬ್ಯಾಟರಿಯನ್ನು ಹೆಚ್ಚು ತಿನ್ನುವುದು ಬೆಳಕು ಮತ್ತು ವೈ-ಫೈ. ಇವೆರಡನ್ನು ಹಿಡಿತದಲ್ಲಿಟ್ಟರೆ ಅಗ್ಗದ ರೀಡರೂ ಚೆನ್ನಾಗಿ ಬಾಳುತ್ತದೆ.

ಕರೆಂಟಿನ ಖರ್ಚು ಇನ್ನೂ ಸಣ್ಣದು. 1,500 ಎಂಎಎಚ್ ಬ್ಯಾಟರಿಯನ್ನು ಒಮ್ಮೆ ತುಂಬಲು 8 ವ್ಯಾಟ್-ಅವರ್ ಹಿಡಿಯೋಣ. ಹತ್ತು ದಿನಕ್ಕೊಮ್ಮೆ ಚಾರ್ಜ್ ಮಾಡಿದರೂ ವರ್ಷಕ್ಕೆ ಮೂರನೇ ಒಂದು ಯೂನಿಟ್ ಆಗುವುದಿಲ್ಲ. ಯೂನಿಟ್‌ಗೆ 7 ರೂಪಾಯಿಯಂತೆ ಎರಡು ರೂಪಾಯಿ ಚಿಲ್ಲರೆ. ದೊಡ್ಡ ಬ್ಯಾಟರಿಗೆ ಸಾವಿರಗಟ್ಟಲೆ ಹೆಚ್ಚು ಕೊಟ್ಟರೆ ಉಳಿಯುವುದು ಹಣವಲ್ಲ, ಚಾರ್ಜರ್ ಹುಡುಕುವ ತಾಪತ್ರಯ ಅಷ್ಟೇ.

ಹಾಗಾದರೆ ದುಡ್ಡು ಯಾವುದಕ್ಕೆ ಹಾಕಬೇಕು? ಕನ್ನಡ ಓದುವವರಿಗೆ ನಿಜವಾದ ಪ್ರಶ್ನೆ ಇದು. 2016ರಲ್ಲಿ ಅಮೆಜಾನ್ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇ-ಪುಸ್ತಕಗಳ ಮಳಿಗೆ ತೆರೆದಾಗ ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ನನಗೆ ಅದು ಇಂದಿಗೂ ನೋವಿನ ಸಂಗತಿ. ನಮ್ಮ ಇ-ಪುಸ್ತಕಗಳು ಬಹುಪಾಲು ಮೈಲ್ಯಾಂಗ್‌ನಂಥ ಆ್ಯಪ್‌ಗಳಲ್ಲಿವೆ, ಹಳೆಯವು ಸ್ಕ್ಯಾನ್ ಮಾಡಿದ ಪಿಡಿಎಫ್‌ಗಳಲ್ಲಿ.

ಪಿಡಿಎಫ್‌ನಲ್ಲಿ ಅಕ್ಷರ ಮಾತ್ರ ದೊಡ್ಡದು ಮಾಡಲಾಗದು. ಇಡೀ ಪುಟವನ್ನೇ ಹಿಗ್ಗಿಸಬೇಕು. ನಮ್ಮ ಪುಸ್ತಕಗಳು ಹೆಚ್ಚಾಗಿ 1/8 ಡೆಮಿ ಅಳತೆಯವು. ಅಂಚು ಕಳೆದರೆ ಅಕ್ಷರ ತುಂಬಿದ ಭಾಗ ಸುಮಾರು ನಾಲ್ಕೂಕಾಲು ಇಂಚು ಅಗಲ. 6 ಇಂಚಿನ ಪರದೆಯ ಅಗಲ ಮೂರೂವರೆ ಇಂಚಿನ ಆಸುಪಾಸು, 7 ಇಂಚಿನದ್ದು ನಾಲ್ಕು ಇಂಚು ದಾಟುತ್ತದೆ. ಹಳೆಯ ರೀಡರಿನಲ್ಲಿ ‘ಸ್ತ್ರ’ದಂಥ ಒತ್ತಕ್ಷರಗಳು ಕಲೆಸಿಹೋಗಿ, ಪುಟ ಹಿಗ್ಗಿಸಿ ಅತ್ತಿತ್ತ ಸರಿಸುತ್ತಾ ಓದಬೇಕಿತ್ತು. ಹಾಗೆ ಸರಿಸಿದಷ್ಟೂ ಪರದೆ ಮತ್ತೆ ಮತ್ತೆ ಬದಲಾಗಿ ಬ್ಯಾಟರಿಯೂ ಬೇಗ ಇಳಿಯುತ್ತಿತ್ತು. ಅದಕ್ಕೇ ನಾನು 7 ಇಂಚಿನದು ಕೊಂಡೆ. ಹೆಚ್ಚಿನ ಬ್ಯಾಟರಿ ಜೊತೆಗೆ ಬಂತು, ಹೆಚ್ಚಿನ ದುಡ್ಡು ಕೊಟ್ಟಿದ್ದು ಪರದೆಗೆ.

ಆಂಡ್ರಾಯ್ಡ್ ಇರುವ ಬೂಕ್ಸ್‌ನಂಥ ರೀಡರುಗಳಲ್ಲಿ ಕನ್ನಡದ ಆ್ಯಪ್‌ಗಳನ್ನೇ ಹಾಕಿಕೊಳ್ಳಬಹುದು. ಬ್ಯಾಟರಿ ಮಾತ್ರ ಬೇಗ ಮುಗಿಯುತ್ತದೆ. ಹೆಚ್ಚು ಓದುವವರು ವಾರಕ್ಕೊಮ್ಮೆಯೋ ಅದಕ್ಕೂ ಮೊದಲೋ ಚಾರ್ಜ್‌ಗೆ ಇಡಬೇಕು. ಕೊಳ್ಳುವ ಮುಂಚೆ ವಾರಂಟಿ ನಮ್ಮ ದೇಶದಲ್ಲಿ ನಡೆಯುತ್ತದೆಯೇ, ಬ್ಯಾಟರಿ ಬದಲಿಸಿಕೊಡುವವರು ಯಾರು ಎಂದು ಕೇಳಿ. ವಸ್ತು ಎಷ್ಟು ವರ್ಷ ಬಾಳುತ್ತದೆ ಎನ್ನುವುದರಲ್ಲೇ ಬ್ಯಾಟರಿಯ ನಿಜವಾದ ಬೆಲೆ ಇರುವುದು. ಲಿಥಿಯಂ ಬ್ಯಾಟರಿಗೆ ಬಿಸಿಲಿನ ಕಾರು ಆಗದು, ಪೂರ್ತಿ ಖಾಲಿಯಾಗಿ ತಿಂಗಳುಗಟ್ಟಲೆ ಕಪಾಟಿನಲ್ಲಿ ಬಿದ್ದಿರುವುದೂ ಆಗದು.

ಕೊಳ್ಳುವ ಮೊದಲು, ಕಳೆದ ವರ್ಷ ಓದಿದ ಪುಸ್ತಕಗಳ ಪಟ್ಟಿ ಬರೆಯಿರಿ. ಇಂಗ್ಲಿಷ್ ಕಾದಂಬರಿಗಳೇ ಹೆಚ್ಚಿದ್ದರೆ ಅಗ್ಗದ 6 ಇಂಚಿನದು ಸಾಕು, ಉಳಿದ ಹಣ ಪುಸ್ತಕಕ್ಕೆ ಹೋಗಲಿ. ಸ್ಕ್ಯಾನ್ ಪ್ರತಿಗಳು ಹೆಚ್ಚಿದ್ದರೆ ದೊಡ್ಡ ಪರದೆ ಕೊಳ್ಳಿ. ಆ್ಯಪ್‌ನಲ್ಲಿ ಸಿಗುವ ಕನ್ನಡ ಪುಸ್ತಕಗಳೇ ಹೆಚ್ಚಿದ್ದರೆ ಆಂಡ್ರಾಯ್ಡ್ ರೀಡರಿಗೆ ಹಿಂಜರಿಯಬೇಡಿ. ವಾರಕ್ಕೊಮ್ಮೆ ಚಾರ್ಜ್ ಮಾಡುವುದು ಯಾರಿಗೂ ಹೊರೆಯಲ್ಲ. ಬೇಕಾದ ಪುಸ್ತಕ ತೆರೆಯದ ರೀಡರ್ ಎಷ್ಟು ವಾರ ಚಾರ್ಜ್ ಹಿಡಿದರೂ ದಂಡವೇ.