ಅಟ್ಟದ ಕಂಬಕ್ಕೆ ಎಷ್ಟು ಭಾರ?

ಚನ್ನರಾಯಪಟ್ಟಣದ ಕಡೆ ಉಂಡೆ ಕೊಬ್ಬರಿಗಾಗಿ ಬಲಿತ ತೆಂಗಿನಕಾಯಿಗಳನ್ನು ಸಿಪ್ಪೆಸಹಿತ 8ರಿಂದ 12 ತಿಂಗಳು ಅಟ್ಟದ ಮೇಲೆ ಇಡುವುದು ರೂಢಿ. ಹಾಸನ, ಹೊಳೆನರಸೀಪುರ, ಅರಕಲಗೂಡು ತಾಲ್ಲೂಕುಗಳಲ್ಲಿಯೂ ಹುಲ್ಲು, ಧಾನ್ಯಗಳಿಗೆ ಅಟ್ಟ ಕಟ್ಟುವುದುಂಟು. ಅಟ್ಟ ವಾಲಿದರೆ ನಾವು ಮರವನ್ನು ದೂರುತ್ತೇವೆ. ಆದರೆ ಅನೇಕ ವೇಳೆ ದೋಷವಿರುವುದು ಕಂಬದ ಬುಡದಲ್ಲಿ ಅಥವಾ ಆಕಾರದಲ್ಲಿ. ಅಟ್ಟದ ಕೆಳಗೆ ದನ, ಮಕ್ಕಳು ಓಡಾಡುವುದರಿಂದ ಈ ಸಣ್ಣ ಲೆಕ್ಕವನ್ನು ಪ್ರತಿ ರೈತನೂ ತಿಳಿದಿರಬೇಕು.

ಭಾರದ ಲೆಕ್ಕ: ಸಿಪ್ಪೆಸಹಿತ ಕಾಯಿಯೊಂದಕ್ಕೆ 1.2 ಕಿ.ಗ್ರಾಂ. ಎಂದಿಟ್ಟುಕೊಂಡರೆ 5,000 ಕಾಯಿಗೆ 6,000 ಕಿ.ಗ್ರಾಂ. ಆಯಿತು. ಮೂರು ಮೂರರಂತೆ ಎರಡು ಸಾಲಿನಲ್ಲಿ ಆರು ಕಂಬಗಳಿದ್ದರೆ, ಮಧ್ಯದ ಕಂಬವು ಮೂಲೆಯ ಕಂಬದ ಎರಡರಷ್ಟು, ಅಂದರೆ ಸುಮಾರು 1,500 ಕಿ.ಗ್ರಾಂ. ಹೊರುತ್ತದೆ. ತೊಲೆ, ಹಲಗೆಗಳ ತೂಕ ಸೇರಿಸಿ 2,000 ಎಂದು ಹಿಡಿಯೋಣ.

ಕಂಬದ ಒತ್ತಡ: ಭಾರವನ್ನು ಕಂಬದ ಅಡ್ಡಕೊಯ್ತದ ವಿಸ್ತೀರ್ಣದಿಂದ ಭಾಗಿಸಿದರೆ ಒತ್ತಡ ಸಿಗುತ್ತದೆ. 10 ಸೆಂ.ಮೀ. ಚೌಕದ ಕಂಬಕ್ಕೆ 100 ಚದರ ಸೆಂ.ಮೀ.; ಒತ್ತಡ ಚದರ ಸೆಂ.ಮೀ.ಗೆ 20 ಕಿ.ಗ್ರಾಂ. ಒಳ್ಳೆಯ ಮರ ಇದನ್ನು ಸುಲಭವಾಗಿ ತಾಳುತ್ತದೆ. 240 ಸೆಂ.ಮೀ. ಎತ್ತರದ ಇಂತಹ ಕಂಬ ಕುಗ್ಗುವುದು ಕೇವಲ ಅರ್ಧ ಮಿ.ಮೀ. ಆದುದರಿಂದ ಅಟ್ಟ ನಾಲ್ಕು ಬೆರಳು ತಗ್ಗಿದರೆ ಅದಕ್ಕೆ ಮರ ಕುಗ್ಗಿದುದು ಕಾರಣವಲ್ಲ.

ಬುಡ: ಅದೇ ಕಂಬವನ್ನು ಬರಿಯ ನೆಲದ ಮೇಲೆ ನಿಲ್ಲಿಸಿದರೆ ಮಣ್ಣಿನ ಮೇಲೂ 20 ಕಿ.ಗ್ರಾಂ. ಒತ್ತಡವೇ ಬೀಳುತ್ತದೆ. ತೇವವಿರುವ ಸಾಧಾರಣ ಮಣ್ಣು ಕ್ಷೇಮವಾಗಿ ತಾಳುವುದು ಸುಮಾರು 1 ಕಿ.ಗ್ರಾಂ. ಮಾತ್ರ. ಆದ್ದರಿಂದ ಕನಿಷ್ಠ 45 ಸೆಂ.ಮೀ. ಚೌಕದ, 10 ಸೆಂ.ಮೀ. ದಪ್ಪದ ಕಲ್ಲುಚಪ್ಪಡಿಯನ್ನು ಗಟ್ಟಿ ನೆಲದ ಮೇಲೆ ಕೂರಿಸಿ ಅದರ ಮೇಲೆ ಕಂಬ ನಿಲ್ಲಿಸಿರಿ. ಹೇಮಾವತಿ ನಾಲೆಯ ಬದಿಯ ತಗ್ಗು ಜಾಗದಲ್ಲಿ 60 ಸೆಂ.ಮೀ. ಚಪ್ಪಡಿ ಮೇಲು.

ಆಕಾರ: 5 ಸೆಂ.ಮೀ. ದಪ್ಪ, 20 ಸೆಂ.ಮೀ. ಅಗಲದ ಹಲಗೆಯ ವಿಸ್ತೀರ್ಣವೂ 100 ಚದರ ಸೆಂ.ಮೀ.ಯೇ. ಆದರೆ ಅದನ್ನು ಕಂಬವಾಗಿ ನಿಲ್ಲಿಸಬಾರದು. ತೆಳುವಾದ ಕಡೆಗೆ ಅದು ಬಿಲ್ಲಿನಂತೆ ಬಾಗುತ್ತದೆ. ಹೊರುವ ಶಕ್ತಿ ಚೌಕ ಕಂಬದ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಎತ್ತರ ಇಮ್ಮಡಿಯಾದರೂ ಉದ್ದನೆಯ ಕಂಬದ ಶಕ್ತಿ ಹೀಗೆಯೇ ಕಾಲು ಭಾಗಕ್ಕೆ ಇಳಿಯುತ್ತದೆ. ಉದ್ದ ಕಂಬಗಳ ನಡುಮಟ್ಟದಲ್ಲಿ ಎರಡೂ ದಿಕ್ಕಿಗೆ ಅಡ್ಡಪಟ್ಟಿ ಹೊಡೆದು, ಅವನ್ನು ಗೋಡೆಗೆ ಅಥವಾ ಓರೆ ಆಸರೆಗೆ ಬಿಗಿದರೆ ಬಾಗುವುದು ತಪ್ಪುತ್ತದೆ.

ಗೆದ್ದಲು: ಸುತ್ತಲೂ 2 ಸೆಂ.ಮೀ. ಗೆದ್ದಲು ತಿಂದರೆ 10 ಸೆಂ.ಮೀ. ಕಂಬದಲ್ಲಿ ಉಳಿಯುವುದು 6 ಸೆಂ.ಮೀ. ಚೌಕ, ಅಂದರೆ 36 ಚದರ ಸೆಂ.ಮೀ. ಅಲ್ಲಿ ಒತ್ತಡ 55 ಕಿ.ಗ್ರಾಂ. ಮೀರುತ್ತದೆ. ಒಂದು ಕಡೆ ಮಾತ್ರ ತಿಂದಿದ್ದರೆ ಭಾರ ಓರೆಯಾಗಿ ಬಿದ್ದು ಅಪಾಯ ಇನ್ನೂ ಹೆಚ್ಚು. ಕಂಬದ ಬಲವನ್ನು ಅದರ ಅತಿ ಸಣ್ಣ ಜಾಗದಿಂದಲೇ ಅಳೆಯಬೇಕು. ತೂತು, ಕಚ್ಚುಗಳಿಗೂ ಇದೇ ನಿಯಮ.

ಕಾಯಿ ಒಣಗಿದಂತೆ ಭಾರ ಇಳಿಯುತ್ತದೆ. ಆದುದರಿಂದ ಅಟ್ಟ ತುಂಬುವ ಮುನ್ನ ಪ್ರತಿ ಕಂಬದ ಬುಡವನ್ನು ಕಬ್ಬಿಣದ ಮೊನೆಯಿಂದ ಚುಚ್ಚಿ ನೋಡಿರಿ; ತುಂಬಿದ ಮೊದಲ ವಾರ ತೂಗುಗುಂಡು ಇಳಿಬಿಟ್ಟು ಕಂಬ ನೆಟ್ಟಗಿದೆಯೇ ಪರೀಕ್ಷಿಸಿರಿ. ವಾಲಿದ್ದು ಕಂಡರೆ ಮೊದಲು ಕಾಯಿ ಇಳಿಸಿರಿ, ಅನಂತರ ಕಂಬ ಸರಿಪಡಿಸಿರಿ.