ಜಾಲತಾಣದ ಅಂಗಡಿ: ಪೂರ್ತಿಯಾಗುವವರೆಗೆ ಕಾಯಬೇಕೆ?

ನಮ್ಮ ಸದಸ್ಯರಲ್ಲಿ ಈಚೆಗೆ ಕೆಲವರು ತಮ್ಮ ತೋಟದ ಕಾಫಿ ಪುಡಿಯನ್ನು, ಮತ್ತೆ ಕೆಲವರು ಅಡಿಕೆ ಹಾಳೆಯ ತಟ್ಟೆಗಳನ್ನು ಅಂತರಜಾಲದ ಮೂಲಕ ನೇರವಾಗಿ ಗಿರಾಕಿಗಳಿಗೆ ಮಾರಲು ಹೊರಟಿದ್ದಾರೆ. ಸಂತೋಷದ ಸಂಗತಿಯೇ. ಆದರೆ ಮಾರಾಟ ಹೇಗಿದೆಯೆಂದು ವಿಚಾರಿಸಿದರೆ, ‘ಜಾಲತಾಣ ಇನ್ನೂ ಪೂರ್ತಿಯಾಗಿಲ್ಲ’ ಎಂಬ ಉತ್ತರವೇ ಹೆಚ್ಚಾಗಿ ಬರುತ್ತದೆ. ಫೋಟೋ ಚೆನ್ನಾಗಿ ಬಂದಿಲ್ಲ, ಹಣ ಕಟ್ಟುವ ಏರ್ಪಾಡು ಕೂಡಿಬಂದಿಲ್ಲ, ಇಂಗ್ಲಿಷಿನ ಪುಟ ಆಗಿದೆ, ಕನ್ನಡದ್ದು ಆಗಿಲ್ಲ. ಹೀಗೆ ಒಂದು ಕೊಯ್ಲು ಕಳೆದು ಮತ್ತೊಂದು ಬರುತ್ತದೆ. ಪುಡಿಯಾಗಬೇಕಿದ್ದ ಕಾಫಿ ಎಂದಿನಂತೆ ಚೆರ್ರಿಯಾಗಿಯೇ ವ್ಯಾಪಾರಿಯ ಲಾರಿ ಹತ್ತುತ್ತದೆ. ಜಾಲತಾಣ ಮಾಡಿಕೊಡುವವರಿಗೆ ಸಾಲ ತಂದು ಕೊಟ್ಟ ಮುಂಗಡದ ಬಡ್ಡಿ ಮಾತ್ರ ನಿಲ್ಲುವುದಿಲ್ಲ. ಆದುದರಿಂದ ಈ ದಾರಿಯಲ್ಲಿ ನಮಗಿಂತ ಮೊದಲು ನಡೆದವರ ಅನುಭವವೇನೆಂಬುದನ್ನು ಈ ಪಾಠದಲ್ಲಿ ಪರಿಶೀಲಿಸೋಣ.

1999ನೇ ಇಸವಿಯಲ್ಲಿ ಅಂತರಜಾಲದಲ್ಲಿ ತೆರೆದ ಎರಡು ಅಂಗಡಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕು. ಮೊದಲನೆಯದು ಲಂಡನ್ನಿನ ‘ಬೂ ಡಾಟ್ ಕಾಮ್’. ಸ್ವೀಡನ್ ದೇಶದ ಅರ್ನ್ಸ್ಟ್ ಮಾಲ್ಮ್‌ಸ್ಟೆನ್, ಕಾಯ್ಸಾ ಲಿಯಾಂಡರ್ ಮತ್ತು ಅವರ ಸಂಗಡಿಗರು ಕಟ್ಟಿದ್ದು. ಫ್ಯಾಶನ್ನಿನ ಬಟ್ಟೆ, ಆಟದ ಜೋಡುಗಳನ್ನು ಹಲವು ದೇಶಗಳಲ್ಲಿ, ಹಲವು ಭಾಷೆಗಳಲ್ಲಿ, ಆಯಾ ದೇಶದ ನಾಣ್ಯದಲ್ಲಿಯೇ ಒಂದೇ ದಿನ ಮಾರಲು ಶುರುಮಾಡಬೇಕೆಂಬುದು ಅವರ ಸಂಕಲ್ಪ. ಬಟ್ಟೆಯನ್ನು ಪರದೆಯ ಮೇಲೆಯೇ ತಿರುಗಿಸಿ ನೋಡಬಹುದು. ಗಿರಾಕಿಗೆ ಸಲಹೆ ಕೊಡಲು ‘ಮಿಸ್ ಬೂ’ ಎಂಬ ಗೊಂಬೆಯೂ ಪರದೆಯ ಮೇಲೆ ಬರುತ್ತಿದ್ದಳು. 1999ರ ಮೇ ತಿಂಗಳಲ್ಲಿ ತೆರೆಯಬೇಕಾದದ್ದು ಮುಂದೆ ಹೋಗಿ ಹೋಗಿ ನವೆಂಬರಿಗೆ ಬಂತು. ತೆರೆದಾಗ ಹೆಚ್ಚಿನ ಮನೆಗಳಲ್ಲಿ ಇದ್ದದ್ದು ಟೆಲಿಫೋನ್ ತಂತಿಯ ನಿಧಾನದ ಸಂಪರ್ಕ. ಆ ಭಾರದ ಪುಟಗಳು ತೆರೆದುಕೊಳ್ಳುವುದನ್ನೇ ಕಾಯುತ್ತ ಗಿರಾಕಿಗಳು ಬೇಸತ್ತು ಎದ್ದು ಹೋದರು. 2000ದ ಮೇ ತಿಂಗಳಲ್ಲಿ ಅಂಗಡಿ ಮುಚ್ಚಿತು. ಅಷ್ಟು ಹೊತ್ತಿಗೆ ಖರ್ಚಾದ ಹಣ ಸುಮಾರು 13.5 ಕೋಟಿ ಡಾಲರು.

ಎರಡನೆಯದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ್ದು. ನಿಕ್ ಸ್ವಿನ್‌ಮರ್ನ್ ಎಂಬ ತರುಣನಿಗೆ ಬೇಕಾದ ಜೋಡು ಅಂಗಡಿಗಳನ್ನು ಸುತ್ತಿದರೂ ಸಿಗಲಿಲ್ಲ. ಜೋಡುಗಳನ್ನು ಅಂತರಜಾಲದಲ್ಲಿ ಮಾರಿದರೆ ಹೇಗೆಂದು ಯೋಚಿಸಿದ. ಆದರೆ ಕಾಲಿಗೆ ಹಾಕಿ ನೋಡದೆ ಜನ ಜೋಡು ಕೊಳ್ಳುತ್ತಾರೆಯೇ? ಇದಕ್ಕೆ ಉತ್ತರ ಯಾವ ಪುಸ್ತಕದಲ್ಲಿಯೂ ಇರಲಿಲ್ಲ. ಆತ ಗೋದಾಮು ಕಟ್ಟಲಿಲ್ಲ, ದಾಸ್ತಾನು ಹಾಕಲಿಲ್ಲ. ಊರಿನ ಜೋಡಿನಂಗಡಿಗೆ ಹೋಗಿ ಅಲ್ಲಿದ್ದ ಮಾಲಿನ ಫೋಟೋ ತೆಗೆದು ಒಂದು ಸಾದಾ ಪುಟದಲ್ಲಿ ಹಾಕಿದ. ಯಾರಾದರೂ ಬೇಕೆಂದು ಬರೆದರೆ ಅದೇ ಅಂಗಡಿಯಲ್ಲಿ ಅಂಗಡಿಯ ಬೆಲೆಗೇ ಕೊಂಡು ಟಪಾಲಿನಲ್ಲಿ ಕಳುಹಿಸಿದ. ಇದರಲ್ಲಿ ಲಾಭವೇನು ಬಂತು ಎಂದು ನಮ್ಮವರು ಕೇಳಬಹುದು. ಲಾಭಕ್ಕಾಗಿ ಮಾಡಿದ್ದಲ್ಲ ಅದು. ಜನ ಕೊಳ್ಳುತ್ತಾರೆ ಎಂಬುದು ಗೊತ್ತಾಯಿತು. ಆಮೇಲೆ ದಾಸ್ತಾನು, ಗೋದಾಮು ಎಲ್ಲ ಬಂದವು. ಅದೇ ಮುಂದೆ ‘ಜಾಪೋಸ್’ ಆಯಿತು. 2009ರಲ್ಲಿ ಅಮೆಜಾನ್ ಕಂಪನಿ ಅದನ್ನು ಸುಮಾರು 120 ಕೋಟಿ ಡಾಲರಿನ ಬೆಲೆಗೆ ಕೊಂಡುಕೊಂಡಿತು.

ಬೂ ಕಂಪನಿಯವರು ದಡ್ಡರೆಂದು ನಾವು ಹೇಳುವುದಿಲ್ಲ. ಬಟ್ಟೆಯನ್ನು ತಿರುಗಿಸಿ, ಹತ್ತಿರಕ್ಕೆ ತಂದು ತೋರಿಸುವ ಅವರ ಉಪಾಯ ಇಂದು ಸಾಮಾನ್ಯವಾಗಿದೆ. ಅವರು ಎಡವಿದ್ದು ಬೇರೆ ಕಡೆ. ಒಬ್ಬ ಗಿರಾಕಿಯ ಮಾತನ್ನೂ ಕೇಳುವ ಮುಂಚೆ ಸಾವಿರ ಗಿರಾಕಿಗಳಿಗೆ ಬೇಕಾದದ್ದನ್ನೆಲ್ಲ ತಾವೇ ಊಹಿಸಿ ಕಟ್ಟಿಬಿಟ್ಟರು. ತೋಟದ ಕೆಲಸದಲ್ಲಿ ನಾವು ಹಾಗೆ ಮಾಡುವುದಿಲ್ಲವಷ್ಟೆ. ಹೊಸ ಕಾಫಿ ತಳಿಯೊಂದು ಬಂದರೆ ಇದ್ದ ಗಿಡಗಳನ್ನೆಲ್ಲ ಕಿತ್ತು ನೆಡುವವರುಂಟೆ? ಒಂದು ಮೂಲೆಯಲ್ಲಿ ನೂರು ಗಿಡ ಹಾಕಿ, ಮಳೆಗೂ ನೆರಳಿಗೂ ಬೋರರ್ ಹುಳುವಿಗೂ ಹೇಗೆ ನಿಲ್ಲುತ್ತದೆ ಎಂದು ಕಂಡುಕೊಂಡು ಮುಂದುವರಿಯುತ್ತೇವೆ.

ದೊಡ್ಡವರು ಕೂಡ ಮೊದಲು ಅರೆಕೊರೆಯಾಗಿಯೇ ಶುರುಮಾಡಿದರು. ಜೆಫ್ ಬೆಜೋಸ್ ಅವರ ಅಮೆಜಾನ್ 1995ರ ಜುಲೈನಲ್ಲಿ ತೆರೆದಾಗ ಮಾರುತ್ತಿದ್ದದ್ದು ಪುಸ್ತಕ ಮಾತ್ರ. ಕಟ್ಟು ಕಟ್ಟಲು ಮೇಜೂ ಇರಲಿಲ್ಲ. ಸಿಮೆಂಟು ನೆಲದ ಮೇಲೆ ಮಂಡಿಯೂರಿ ಕಟ್ಟುತ್ತಿದ್ದರು. ಮಂಡಿಗೆ ಮೆತ್ತೆ ತರಿಸಬೇಕೆಂದು ಬೆಜೋಸ್ ಹೇಳಿದಾಗ, ಮೇಜು ತರಿಸೋಣ ಎಂದು ಪಕ್ಕದವರು ಸೂಚಿಸಿದರಂತೆ. ಅದಕ್ಕಿಂತ ತಮಾಷೆ ಎಂದರೆ, ಪುಸ್ತಕದ ಸಂಖ್ಯೆಯನ್ನು ಸೊನ್ನೆಗಿಂತ ಕೆಳಗೆ ಬರೆಯಲು ಆ ಜಾಲತಾಣದಲ್ಲಿ ಅವಕಾಶವಿತ್ತು. ಹಾಗೆ ಬರೆದರೆ ಅಮೆಜಾನೇ ಗಿರಾಕಿಗೆ ಹಣ ಕೊಡಬೇಕೆಂದು ಲೆಕ್ಕ ಬರುತ್ತಿತ್ತು! ತಪ್ಪು ತಿಳಿದಾಗ ತಿದ್ದಿಕೊಂಡರು.

ನಮ್ಮ ಬೆಂಗಳೂರಿನಲ್ಲಿಯೇ 2007ರ ಅಕ್ಟೋಬರಿನಲ್ಲಿ ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ ಫ್ಲಿಪ್‌ಕಾರ್ಟ್ ತೆರೆದದ್ದೂ ಪುಸ್ತಕಗಳಿಂದಲೇ. ಮೊದಲ ಬೇಡಿಕೆ ಆಂಧ್ರದ ಮಹಬೂಬ್‌ನಗರದಿಂದ (ಈಗ ತೆಲಂಗಾಣ) ಬಂತು. ಆ ಪುಸ್ತಕ ಅವರ ಬಳಿ ಇರಲಿಲ್ಲ; ಬೆಂಗಳೂರಿನ ಪುಸ್ತಕದಂಗಡಿಗಳನ್ನು ಸುತ್ತಿ ಹುಡುಕಿ ತಂದು ಕಳುಹಿಸಬೇಕಾಯಿತು. ಮಾಲು ಕೈಗೆ ಬಂದಮೇಲೆ ಹಣ ಕೊಡುವ ಸೌಕರ್ಯವನ್ನು ಅವರು ತಂದದ್ದು 2010ರಲ್ಲಿ. ಆ ಸೌಕರ್ಯವಾದ ಮೇಲೆಯೇ ತೆರೆಯುತ್ತೇವೆ ಎಂದು ಕುಳಿತಿದ್ದರೆ ಅದು ಬೇಕೆಂಬುದಾದರೂ ಅವರಿಗೆ ಹೇಗೆ ತಿಳಿಯಬೇಕಿತ್ತು?

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಅಂಗಡಿ ಸಾದಾ ಇರಬಹುದು, ಮಾಲು ಅರೆಬರೆ ಇರಕೂಡದು. ನಾವು ಮಾರುವುದು ಜನ ಕುಡಿಯುವ ಪದಾರ್ಥ. ಆಹಾರ ಸುರಕ್ಷತಾ ನೋಂದಣಿ ಇಲ್ಲದೆ ಒಂದು ಪೊಟ್ಟಣವೂ ಹೊರಡಬಾರದು. ಚಿಕೋರಿ ಬೆರೆಸಿದ್ದರೆ ಕಾಫಿ ಶೇಕಡಾ ಎಷ್ಟು, ಚಿಕೋರಿ ಎಷ್ಟು ಎಂದು ಪೊಟ್ಟಣದ ಮೇಲೆ ನಮೂದಿಸಲೇಬೇಕು. ಮಿಶ್ರಣದಲ್ಲಿ ಕಾಫಿ ಶೇಕಡಾ 51ಕ್ಕೆ ಕಡಿಮೆ ಇರುವಂತಿಲ್ಲ. ತೂಕ, ಬೆಲೆ, ತಯಾರಿಸಿದ ದಿನಾಂಕ ಇವುಗಳಲ್ಲಿ ‘ಆಮೇಲೆ ತಿದ್ದಿಕೊಳ್ಳೋಣ’ ಎಂಬ ಮಾತು ನಡೆಯದು. ಹಣ ಬಂದು ಮಾಲು ಹೋಗದಿದ್ದರೆ ಅದೇ ದಿನ ಹಣ ಹಿಂತಿರುಗಿಸಬೇಕು. ಮುಂದಕ್ಕೆ ಹಾಕಬಹುದಾದದ್ದು ತಿರುಗುವ ಚಿತ್ರ, ಗಿರಾಕಿಗೊಂದು ಖಾತೆ, ನಾಲ್ಕು ಭಾಷೆ, ತೋಟದ ಚಲನಚಿತ್ರ ಇಂಥವುಗಳನ್ನು.

ಹಾಗಾದರೆ ಮೊದಲ ಪುಟದಲ್ಲಿ ಏನಿರಬೇಕು? ತೋಟ ಯಾವ ಊರಿನದು, ಅರೇಬಿಕವೋ ರೊಬಸ್ಟವೋ, ಕಾಲು ಕಿಲೋ ಪೊಟ್ಟಣಕ್ಕೆ ಬೆಲೆ ಎಷ್ಟು, ಟಪಾಲು ಖರ್ಚು ಎಷ್ಟು, ಕೇಳಲು ಒಂದು ಫೋನ್ ನಂಬರು. ಹಗಲು ಬೆಳಕಿನಲ್ಲಿ ಮೊಬೈಲಿನಿಂದ ತೆಗೆದ ಎರಡು ಫೋಟೋ ಸಾಕು. ಬೇಡಿಕೆ ವಾಟ್ಸಾಪಿನಲ್ಲಿ ಬರಲಿ, ಹಣ ಯು.ಪಿ.ಐ.ನಲ್ಲಿ ಬರಲಿ, ಪೊಟ್ಟಣ ಸ್ಪೀಡ್ ಪೋಸ್ಟಿನಲ್ಲಿ ಹೋಗಲಿ. ಒಂದೇ ಬಗೆಯ ಪುಡಿ ಸಾಕು. ತಟ್ಟೆಯವರು ಒಂದೇ ಅಳತೆಯ ತಟ್ಟೆಯಿಂದ ಶುರುಮಾಡಲಿ. ಕೈಯಲ್ಲಿ ಇಪ್ಪತ್ತು ಕಿಲೋ ಇದ್ದರೆ ಇಪ್ಪತ್ತು ಕಿಲೋ ಇದೆಯೆಂದೇ ಬರೆಯಿರಿ.

ಮುಖ್ಯವಾಗಿ ಒಂದು ನೋಟುಪುಸ್ತಕ ಇಟ್ಟುಕೊಳ್ಳಬೇಕು. ಕೊಂಡವರು ಕೇಳಿದ್ದನ್ನೂ, ಕೊಳ್ಳದೆ ಹೋದವರು ಕೇಳಿದ್ದನ್ನೂ ಅದರಲ್ಲಿ ಬರೆಯಬೇಕು. ಫಿಲ್ಟರಿಗೆ ಆಗುತ್ತದೆಯೇ ಎಂದು ಹತ್ತು ಜನ ಕೇಳಿದರೆ ಅದರ ಉತ್ತರವನ್ನು ಪುಟಕ್ಕೆ ಸೇರಿಸಿ. ಬೀಜವನ್ನೇ ಹುರಿದು ಕೊಡುವಿರಾ ಎಂದು ಹತ್ತು ಜನ ಕೇಳಿದರೆ ಎರಡನೆಯ ಮಾಲು ಯಾವುದೆಂದು ತಿಳಿಯಿತು. ಕೊಂಡವನು ಎರಡನೆಯ ಸಲ ಬಂದನೇ ಎಂಬುದನ್ನು ಗುರುತು ಹಾಕಿಕೊಳ್ಳಿ. ಮೊದಲ ಸಲ ನೆಂಟರೂ ಸ್ನೇಹಿತರೂ ದಾಕ್ಷಿಣ್ಯಕ್ಕೆ ಕೊಳ್ಳುತ್ತಾರೆ. ಮೂರು ತಿಂಗಳಾದರೂ ಹೊರಗಿನವರು ಯಾರೂ ಎರಡನೆಯ ಸಲ ಕೇಳದಿದ್ದರೆ ಜಾಲತಾಣವನ್ನು ಅಲಂಕರಿಸುವ ಮೊದಲು ಹುರಿಯುವ ಹದವನ್ನೂ ಬೆಲೆಯನ್ನೂ ಇನ್ನೊಮ್ಮೆ ನೋಡುವುದು ಒಳ್ಳೆಯದು.

ಈಗಾಗಲೇ ಮುಂಗಡ ಕೊಟ್ಟಿರುವ ಸದಸ್ಯರು ಜಾಲತಾಣ ಮಾಡಿಕೊಡುವವರಿಗೆ ಫೋನು ಮಾಡಿ, ಆಗಿರುವಷ್ಟರಲ್ಲಿ ಒಂದು ಪುಟವನ್ನು ಈ ವಾರವೇ ತೆರೆದುಕೊಡಿ ಎಂದು ಕೇಳಬಹುದು. ಉಳಿದ ಕೆಲಸದ ಹಣವನ್ನು, ಆ ನೋಟುಪುಸ್ತಕದ ಒಂದೆರಡು ಹಾಳೆ ತುಂಬಿದ ಮೇಲೆ, ಅದರಲ್ಲಿರುವುದನ್ನು ನೋಡಿಕೊಂಡು ಕಂತಿನಲ್ಲಿ ಕೊಟ್ಟರಾಯಿತು.