ಒಂಬತ್ತು ಮಕ್ಕಳ ಪರ್ಸೆಂಟು

ಮೇಲ್ವಿಚಾರಕಿಯಾಗಿ ಆರ್ಡರ್ ಬಂತು ಅಂತ ನೀನು ಫೋನ್ ಮಾಡಿದ ದಿನ ಖುಷಿಯಲ್ಲಿ ನಾನು ಬೇರೇನೂ ಹೇಳಲಿಲ್ಲ. ಕಾಫಿ ತೋಟದ ನಡುವೆ ಚದುರಿದ ಊರುಗಳು, ಇಪ್ಪತ್ತೆರಡು ಅಂಗನವಾಡಿ. ಅಂಥದ್ದೇ ವಲಯದಲ್ಲಿ ಚಪ್ಪಲಿ ಸವೆಸಿ ನಿವೃತ್ತಳಾದವಳು ನಾನು, ಅದಕ್ಕೇ ಈಗ ಸಾವಕಾಶವಾಗಿ ಒಂದೆರಡು ಮಾತು.

ನಿನ್ನನ್ನು ಮೊದಲು ಹೆದರಿಸೋದು ಮಳೆಯಲ್ಲ, ಜಿಗಣೆಯಲ್ಲ, ಪರ್ಸೆಂಟು. ಹಾಜರಾತಿ ಎಷ್ಟು, ತೂಕ ಕಮ್ಮಿ ಇರೋರು ಎಷ್ಟು, ಶಾಲಾಪೂರ್ವ ಚಟುವಟಿಕೆಯಲ್ಲಿ ಹಿಂದೆ ಬಿದ್ದೋರು ಎಷ್ಟು, ಎಲ್ಲವನ್ನೂ ತಿಂಗಳ ಸಭೆಯಲ್ಲಿ ಶೇಕಡಾದಲ್ಲೇ ಕೇಳ್ತಾರೆ. ಪೇಟೆಯ ಕೇಂದ್ರದಲ್ಲಿ 40 ಮಕ್ಕಳಿದ್ದರೆ ಒಂದು ಮಗು ಬರದಿದ್ದರೆ ಎರಡೂವರೆ ಪರ್ಸೆಂಟು, ಯಾರ ಕಣ್ಣಿಗೂ ಬೀಳೋದಿಲ್ಲ. ನಿನ್ನ ಕಡೆ 9 ಮಕ್ಕಳ ಕೇಂದ್ರದಲ್ಲಿ ಒಂದಕ್ಕೆ ಜ್ವರ ಬಂದರೆ 11 ಪರ್ಸೆಂಟು ಹೋಯ್ತು.

ಒಂದು ಫೆಬ್ರವರಿಯಲ್ಲಿ ನನ್ನ ವಲಯದ ಒಂದು ಕೇಂದ್ರ 9ರಿಂದ 6ಕ್ಕೆ ಇಳಿಯಿತು. 'ಶೇಕಡಾ 33 ಕುಸಿತ, ಕಾರಣ ಕೊಡಿ' ಅಂತ ಮೇಲಿಂದ ಪತ್ರ ಬಂತು. ನಾನೇನು ಮಾಡಿದೆ ಗೊತ್ತಾ? ಅದರ ಕೆಳಗೆ ಸಹಿ ಹಾಕಿ ಕಾರ್ಯಕರ್ತೆಗೆ ದಾಟಿಸಿದೆ. ಪಾಪ, ಅವಳು ಎರಡು ದಿನ ಊಟ ಬಿಟ್ಟಳಂತೆ. ಹತ್ತು ದಿನ ತಡವಾಗಿ ಆ ಊರಿಗೆ ಹೋಗಿ ನೋಡಿದರೆ ತೋಟದ ಲೈನ್‌ಮನೆಗೆ ಬೀಗ. ಕಾಫಿ ಕೊಯ್ಲು ಮುಗಿದಿತ್ತು, ಒಂದೇ ಸಂಸಾರದ ಮೂರು ಮಕ್ಕಳು ಅಪ್ಪ ಅಮ್ಮನ ಜೊತೆ ಹೊರಟುಹೋಗಿದ್ದವು. ಬೀಗ ನೋಡಿ ಬಂದ ಮೇಲೆ ಉತ್ತರ ಬರೆಯೋಕೆ ಒಂದೇ ಸಾಲು ಸಾಕಾಯ್ತು. ಮೊದಲೇ ಹೋಗಿದ್ದರೆ ಆ ಪತ್ರ ಅವಳ ಕೈಗೆ ಹೋಗ್ತಾನೇ ಇರಲಿಲ್ಲ. ಈಗಲೂ ಅದನ್ನ ನೆನೆಸಿಕೊಂಡರೆ ನಾಚಿಕೆಯಾಗ್ತದೆ ಮಾರಾಯ್ತಿ.

ಬೆಳಿಗ್ಗೆ ಎಂಟೂವರೆಗೆ ಕೇಂದ್ರದ ಎದುರು ನಿಂತು ನೋಡು. ಹಳದಿ ವ್ಯಾನು ಬಂದು ಟೈ ಕಟ್ಟಿದ ಮಕ್ಕಳನ್ನು ಎಲ್‌ಕೆಜಿಗೆ ಒಯ್ಯುತ್ತದೆ. ವ್ಯಾನಿನ ದುಡ್ಡು ಕಟ್ಟಲಾಗದವರ ಮಕ್ಕಳು ನಿನ್ನ ಪಾಲಿಗೆ ಉಳೀತಾರೆ. ಆಮೇಲೆ ಯಾರೋ ಬಂದು ಕಾನ್ವೆಂಟಿನ ಮಕ್ಕಳಿಗೆ ಎ ಬಿ ಸಿ ಡಿ ಬರ್ತದೆ, ನಿಮ್ಮವರಿಗೆ ಯಾಕೆ ಬರೋದಿಲ್ಲ ಅಂತಾರೆ. ಅವರು ತೂಗ್ತಾ ಇರೋದು ಎರಡು ಮನೆಗಳ ಸಂಬಳವನ್ನು. ಟೀಚರನ್ನು ತೂಗಿದೆ ಅಂದುಕೊಳ್ತಾರೆ. ಜೊತೆಗೆ ವಯಸ್ಸಿನ ಕಲಸುಮೇಲೋಗರ ಬೇರೆ. ಅಲ್ಲಿ ನಾಲ್ಕು ವರ್ಷದವರೆಲ್ಲ ಒಂದು ಕೋಣೆ. ಇಲ್ಲಿ ಮೊನ್ನೆ ಮೂರು ತುಂಬಿ ಇನ್ನೂ ಚಡ್ಡಿ ಒದ್ದೆ ಮಾಡಿಕೊಳ್ಳೋದೂ, ಅಕ್ಷರ ತಿದ್ದೋ ಐದೂವರೆಯದೂ ಒಂದೇ ಚಾಪೆ ಮೇಲೆ. ಒಂದನೇ ತರಗತಿಗೆ ಆರು ತುಂಬಿರಬೇಕು ಅಂದರು, 2025-26ಕ್ಕೆ ಐದು ವರ್ಷ ಐದು ತಿಂಗಳಿಗೆ ಸಡಿಲಿಸಿದರು. ಇಂಥ ಆದೇಶದಿಂದ ಚಾಪೆಯಿಂದ ದೊಡ್ಡವರಿಬ್ಬರು ಎದ್ದು ಹೋದರೆ ಉಳಿದವರ 'ಸರಾಸರಿ ಕಲಿಕೆ' ರಾತ್ರೋರಾತ್ರಿ ಬಿತ್ತು ಅಂತಲೇ ಲೆಕ್ಕ.

ಮಕ್ಕಳೇ ಕಮ್ಮಿಯಾಗ್ತಾ ಇರೋದಕ್ಕೂ ಕಾರ್ಯಕರ್ತೆಯನ್ನೇ ಬೈಯೋರಿದ್ದಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು; ಜನಸಂಖ್ಯೆ ಇದ್ದ ಹಾಗೇ ಇರಬೇಕಾದರೂ 2.1 ಬೇಕು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ, ನಮ್ಮ ರಾಜ್ಯದಲ್ಲಿ ಟಿ. ನರಸೀಪುರದಲ್ಲಿ, ಈ ಅಂಗನವಾಡಿ ಯೋಜನೆ ಶುರುವಾದಾಗ ಮನೆ ತುಂಬಾ ಮಕ್ಕಳಿದ್ದ ಕಾಲ. ಈಗ ಮಲೆನಾಡಿನ ಎಷ್ಟೋ ಮನೆಯಲ್ಲಿ ಮಗ ಸೊಸೆ ಬೆಂಗಳೂರು, ಇಲ್ಲಿ ಅಜ್ಜಿ ಮತ್ತು ನಾಯಿ.

ಬಂದು ಸೇರೋ ಮಕ್ಕಳು ಲೈನ್‌ಮನೆಯವರು. ಕೊಡಗು, ಚಿಕ್ಕಮಗಳೂರು, ಹಾಸನದ ತೋಟಗಳಿಗೆ ಅಸ್ಸಾಮಿನಿಂದಲೂ ಆಳು ಬರೋದು ನಿನಗೆ ಗೊತ್ತೇ ಇದೆ. ಹಾಗೆ ಬಂದ ಒಂದು ಹುಡುಗಿ, ನಾಲ್ಕು ವರ್ಷ ಇರಬೇಕು, ಮೂರು ತಿಂಗಳು ತುಟಿ ಬಿಚ್ಚಿರಲಿಲ್ಲ. ಪ್ರಗತಿಯ ಪಟ್ಟಿಯಲ್ಲಿ 'ಮಾತು ಬರುವುದಿಲ್ಲ' ಅಂತ ಬರೆದಾಗಿತ್ತು. ಒಂದು ದಿನ ನಾನು ಹೋದಾಗ ಮೊಟ್ಟೆ ಕೊಡೋ ದಿನ. ಸಹಾಯಕಿ ಬೇಯಿಸಿದ ಮೊಟ್ಟೆ ಸುಲಿದು ಹಿಡಿದಳು, ಹುಡುಗಿ ಮೆಲ್ಲಗೆ 'ಕೊಣಿ' ಅಂದಳು. ಮಿಕ್ಕ ಮಕ್ಕಳು 'ಕೋಣ ಅಂತೆ, ಕೋಣ!' ಅಂತ ಬಿದ್ದು ಬಿದ್ದು ನಕ್ಕವು. ಅವಳ ಬಾಯಿ ಮತ್ತೆ ಮುಚ್ಚಿತು. ಅಸ್ಸಾಮಿಯಲ್ಲಿ ಮೊಟ್ಟೆಗೆ ಕೊಣಿ ಅಂತಾರಂತೆ, ಸಂಜೆ ಅವಳಪ್ಪನನ್ನು ಕೇಳಿ ತಿಳಕೊಂಡೆ. ಮಾರನೇ ವಾರದಿಂದ ಆ ಸಹಾಯಕಿ, ಓದಿದವಳಲ್ಲ ಅವಳು, ಮೊಟ್ಟೆ ಹಂಚುವಾಗೆಲ್ಲ 'ಯಾರಿಗೆ ಬೇಕು ಕೊಣಿ?' ಅಂತ ಕೂಗೋಕೆ ಶುರು ಮಾಡಿದಳು. ದಸರಾ ಹೊತ್ತಿಗೆ ಹುಡುಗಿ ಹಾಡಿನ ಸಾಲಿನಲ್ಲಿ ಮುಂದೆ ನಿಂತಿದ್ದಳು. ಪಟ್ಟಿ ತಿದ್ದೋಕೆ ಮಾತ್ರ ನನಗೆ ಎರಡು ತಿಂಗಳು ಹಿಡೀತು.

ಅದಕ್ಕೇ ಹೇಳ್ತೀನಿ, ಫೋನಿನಲ್ಲಿ ಪೋಷಣ್ ಟ್ರ್ಯಾಕರ್ ಇದ್ದರೂ ಒಂದು ನೂರು ಪುಟದ ನೋಟ್‌ಬುಕ್ ಇಟ್ಟುಕೋ. ಕೇಂದ್ರಕ್ಕೆ ನಾಲ್ಕು ಪುಟ. ಮಗುವಿನ ಹೆಸರು, ಮನೆಮಾತು, ಯಾವ ತೋಟ, ಬಂದದ್ದು ಯಾವಾಗ, ಹೋದದ್ದು ಯಾವಾಗ ಮತ್ತೆ ಎಲ್ಲಿಗೆ. ಜೂನ್‌ನಲ್ಲಿ ಏನು ಬರ್ತಿತ್ತು ಅಂತ ಒಂದು ಸಾಲು, ಮಾರ್ಚ್‌ನಲ್ಲಿ ಇನ್ನೊಂದು. ಮಗುವನ್ನು ಪಕ್ಕದ ಕೇಂದ್ರದ ಜೊತೆ ಹೋಲಿಸಬೇಡ, ಜೂನ್ ತಿಂಗಳ ಅದೇ ಮಗುವಿನ ಜೊತೆ ಹೋಲಿಸು. ಹಾಗಂತ ಪರ್ಸೆಂಟು ಬರೆಯೋದಿಲ್ಲ ಅಂತ ಹಟ ಹಿಡೀಬೇಡ ಮತ್ತೆ, ಕೇಳಿದ ಕಾಲಂ ತುಂಬು. ಪಕ್ಕದಲ್ಲೇ 9ಕ್ಕೆ 6 ಅಂತಲೂ ಬರೆ. ತೂಕದ ವಿಷಯದಲ್ಲಿ ಮಾತ್ರ ಈ ಯಾವ ರಿಯಾಯಿತಿಯೂ ಬೇಡ. ತೀವ್ರ ಅಪೌಷ್ಟಿಕತೆಯ ಮಗು ಒಂದೇ ಇದ್ದರೂ ಅವತ್ತೇ ಆಸ್ಪತ್ರೆಗೆ ಕಳಿಸೋ ದಾರಿ ನೋಡು, ಅಲ್ಲಿ ಶೇಕಡಾ ಲೆಕ್ಕ ಹಾಕ್ತಾ ಕೂರಬೇಡ.

ಮೊದಲ ಸಭೆಗೆ ಹೋಗುವಾಗ ಬುತ್ತಿ ಕಟ್ಟಿಕೊಂಡು ಹೋಗು. ದೂರದ ವಲಯದ ಸರದಿ ಯಾವಾಗಲೂ ಕೊನೆಗೇ ಬರೋದು, ಅಷ್ಟೊತ್ತಿಗೆ ಕ್ಯಾಂಟೀನಿನಲ್ಲಿ ಬನ್ನೂ ಉಳಿದಿರೋದಿಲ್ಲ.